ಕಟ್ಟದ ಗೂಟಗಳು

ನಮ್ಮ ತೋಡಿಗೆ ಹೆಸರಿರಲಿಲ್ಲ. ಈಗ ಒಂದು ಬಂದಿದೆ. ತಡೆಗೋಡೆಯ ತುದಿಯಲ್ಲಿ ನೆಟ್ಟ ಸಿಮೆಂಟಿನ ಫಲಕದ ಮೇಲೆ ಊರಿನ ಹೆಸರಿಗೆ ‘ಹಳ್ಳ’ ಎಂದು ಸೇರಿಸಿ, ಕೆಳಗೆ ಕಾಮಗಾರಿಯ ಉದ್ದ, ಮೊತ್ತ, ವರ್ಷ ಎಲ್ಲ ಬರೆಸಿದ್ದಾರೆ. ನಮ್ಮ ಕಡೆ ಯಾರೂ ಹಳ್ಳ ಎನ್ನುವುದಿಲ್ಲ. ಗುಡ್ಡದ ಮನೆಯವರಿಗೆ ಅದು ‘ಕೆಳಗಿನ ತೋಡು’, ಆಚೆಕರೆಯವರಿಗೆ ‘ಬೈಲ ತೋಡು’, ನಮಗೆ ಬರೀ ‘ತೋಡು’. ಮನೆಯೊಳಗೆ ಅಜ್ಜನನ್ನು ಹೆಸರು ಹಿಡಿದು ಕರೆಯುವವರು ಯಾರಿದ್ದಾರೆ? ಹಾಗೆಯೇ ಇದೂ.

ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರುವುದಕ್ಕೆ ಸ್ವಲ್ಪ ಮೊದಲು ಪುತ್ತೂರಿನ ಬದಿಯಿಂದ ಸಣ್ಣ ಸಣ್ಣ ತೋಡುಗಳು ಬಂದು ಬೀಳುತ್ತವೆ. ಅವುಗಳಲ್ಲಿ ನಮ್ಮದೂ ಒಂದು. ಹೆಚ್ಚೆಂದರೆ ನಾಲ್ಕು ಮೈಲು ಉದ್ದ. ಮುರಕಲ್ಲಿನ ಪದವಿನ ಬುಡದಲ್ಲಿ ಮೂರು ಒರತೆಗಳು. ಅವು ಒಂದಾಗಿ ವಾಟೆಯ ಪೊದೆಗಳ ನಡುವೆ ಇಳಿದು ಬರುವವರೆಗೂ ಅದು ತೋಡು ಎಂದೂ ಅನ್ನಿಸುವುದಿಲ್ಲ, ಹುಡುಗರು ಒಂದೇ ನೆಗೆತಕ್ಕೆ ದಾಟುವಷ್ಟೇ. ಬೈಲಿಗೆ ಬಂದ ಮೇಲೆ ಮಾತ್ರ ಅದಕ್ಕೆ ದೊಡ್ಡಸ್ತಿಕೆ ಬರುತ್ತದೆ. ಬೈಲಿನ ಅಗಲವೆಲ್ಲ ತನ್ನದೆನ್ನುವಂತೆ ಆಚೆ ಸರಿದು, ಈಚೆ ಸರಿದು, ಏಳು ಕಡೆ ಬಳುಕಿ ಹೊಳೆಗೆ ಹೋಗುತ್ತಿತ್ತು. ಏಳನ್ನೂ ನಾವು ಹುಡುಗರು ಬೇರೆ ಬೇರೆಯಾಗಿ ಗುರುತಿಸುತ್ತಿದ್ದೆವು: ಎಮ್ಮೆ ಮೀಯುವ ಗುಂಡಿ, ಅಗಸರ ಕಲ್ಲು, ಮುಂಡೇವಿನ ತಿರುವು ಹೀಗೆ. ಇಷ್ಟು ಬಳುಕುವುದೇಕೆ ಎಂದು ಒಮ್ಮೆ ಅಜ್ಜನನ್ನು ಕೇಳಿದ್ದೆ. “ಇಳಿಜಾರಿನಲ್ಲಿ ಓಡಿ ಬಂದದ್ದಲ್ಲವೋ, ದಣಿವು ಆರಿಸಿಕೊಳ್ಳುತ್ತದೆ” ಎಂದಿದ್ದರು. ಮಗುವಿಗೆ ಹೇಳಿದ ಮಾತು ಎಂದುಕೊಂಡಿದ್ದೆ. ತಿರುವಿನಲ್ಲಿ ನೀರಿನ ವೇಗ ಮುರಿಯುತ್ತದೆ, ವೇಗ ಮುರಿದಲ್ಲಿ ಮಣ್ಣು ಇಳಿಯುತ್ತದೆ ಎಂಬುದನ್ನು ಪುಸ್ತಕದಲ್ಲಿ ಓದಿದ್ದು ಬಹಳ ವರ್ಷಗಳ ಮೇಲೆ.

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 4,000 ಮಿ.ಮೀ. ಹತ್ತಿರ ಮಳೆ ಬೀಳುತ್ತದೆ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ನಾಲ್ಕು ತಿಂಗಳು ನೀರೇ ಬೇಡ ಎನ್ನುವಷ್ಟು, ಮಾರ್ಚ್ ಬಂದರೆ ಒಂದು ಕೊಡಕ್ಕೂ ಲೆಕ್ಕ. ತೋಡಿನ ಜತೆಗಿನ ಊರಿನ ಬದುಕೆಲ್ಲ ಈ ಎರಡರ ನಡುವಿನ ಸರ್ಕಸ್ಸು. ಅದರ ನಡುಬಿಂದು ಕಟ್ಟ.

ದೀಪಾವಳಿ ಕಳೆದು, ಮಳೆಗಾಲದ ಬೆಳೆ ಏಣೆಲು ಕೊಯ್ಲಾಗಿ, ಎರಡನೆಯ ಬೆಳೆ ಸುಗ್ಗಿಯ ನೇಜಿ ನೆಟ್ಟು ಮುಗಿಯುವ ಹೊತ್ತಿಗೆ ತೋಡಿನ ನೀರು ಮೊಣಕಾಲಿಗೆ ಇಳಿದಿರುತ್ತಿತ್ತು. ತಳದ ಹರಳು ಎಣಿಸುವಷ್ಟು ತಿಳಿಯಾಯಿತೆಂದರೆ ಕಟ್ಟ ಹಾಕುವ ಕಾಲ. ಅಟ್ಟದಿಂದ ಗೂಟಗಳನ್ನು ಇಳಿಸುತ್ತಿದ್ದರು. ಬೋಗಿ ಮರದ ಗೂಟಗಳು, ಒಂದು ತುದಿ ಚೂಪು, ಹೊಗೆ ಕುಡಿದು ಕುಡಿದು ಕಪ್ಪಾದವು. ಅವು ಅಜ್ಜನ ಅಪ್ಪನ ಕಾಲದವು ಎಂದು ಹೇಳುತ್ತಿದ್ದರು. ತೋಡಿಗೆ ಅಡ್ಡಲಾಗಿ ಎರಡು ಸಾಲು ಗೂಟ ಹೊಡೆದು, ಅವಕ್ಕೆ ಸೀಳಿದ ಅಡಿಕೆ ಮರ ಅಡ್ಡಹಾಕಿ, ಒಳಬದಿಗೆ ತೆಂಗಿನ ಮಡಲು, ಕಾಡುಸೊಪ್ಪು, ಬೈಹುಲ್ಲು ಒತ್ತುವುದು. ನಡುವಿನ ಹೊಟ್ಟೆಗೆ ಮಣ್ಣು. ಸಿಕ್ಕಿದ ಮಣ್ಣಲ್ಲ, ಗುಡ್ಡದ ಬುಡದಲ್ಲಿ ಜೇಡಿ ಬೆರೆತ ಕೆಂಪು ಮಣ್ಣಿನ ಒಂದು ಗುಂಡಿ ಇತ್ತು, ಅಲ್ಲಿಂದಲೇ ಆಗಬೇಕು. ಮರಳು ಹೆಚ್ಚಾದರೆ ನೀರು ನಿಲ್ಲುವುದಿಲ್ಲ, ಬರೀ ಜೇಡಿಯಾದರೆ ಬಿಸಿಲಿಗೆ ಬಿರಿಯುತ್ತದೆ. ಬುಟ್ಟಿಗಳು ಕೈಯಿಂದ ಕೈಗೆ ಸಾಗುತ್ತಿದ್ದವು. ಒಂದು ಪದರ ಬಿದ್ದ ಕೂಡಲೇ ಆರೇಳು ಮಂದಿ ಹೆಗಲ ಮೇಲೆ ಕೈಹಾಕಿಕೊಂಡು ನಿಂತು ಮೆಟ್ಟುವುದು. ಮಕ್ಕಳಾದ ನಮಗೂ ಅದೊಂದು ಕೆಲಸಕ್ಕೆ ಕರೆ ಬರುತ್ತಿತ್ತು. ಕಾಲ ಬೆರಳ ಸಂದಿಯಿಂದ ತಣ್ಣಗಿನ ಕೆಸರು ಮೇಲೇಳುವುದು ನನಗೆ ಈಗಲೂ ಅಂಗಾಲಿನಲ್ಲಿ ನೆನಪಿದೆ.

ಎರಡೂ ಕರೆಯಿಂದ ಕಟ್ಟ ಬೆಳೆದು ಬರುತ್ತಿತ್ತು. ನಡುವೆ ನೀರಿಗೆ ಹೋಗಲೊಂದು ಬಾಯಿ ಉಳಿಸಿರುತ್ತಿದ್ದರು. ಬಾಯಿ ಮುಚ್ಚುವುದೇ ಕಷ್ಟದ ಕೆಲಸ. ಸಂದು ಕಿರಿದಾದಷ್ಟೂ ನೀರಿಗೆ ರಭಸ ಹೆಚ್ಚು, ಹಾಕಿದ ಮಣ್ಣನ್ನು ಹಾಕಿದ ಹಾಗೇ ಎತ್ತಿಕೊಂಡು ಹೋಗುತ್ತದೆ. ಮಡಲು, ಸೊಪ್ಪು, ಮಣ್ಣಿನ ಬುಟ್ಟಿ ಎಲ್ಲ ಎರಡು ಬದಿಗೆ ಸಿದ್ಧ ಇಟ್ಟುಕೊಂಡು, ಒಬ್ಬರು ಹೂಂ ಎಂದ ಕೂಡಲೇ ಒಮ್ಮೆಲೇ ಸುರಿಯುವುದು. ಆ ಅರ್ಧ ಗಂಟೆ ಯಾರ ಬಾಯಲ್ಲೂ ಮಾತಿಲ್ಲ. ಆಮೇಲೆ ಕೆಳಗಿನ ತೋಡು ಇದ್ದಕ್ಕಿದ್ದಂತೆ ಸದ್ದು ನಿಲ್ಲಿಸುತ್ತದೆ. ಕಲ್ಲುಗಳ ನಡುವೆ ಸಿಕ್ಕಿಬಿದ್ದ ಮೀನುಗಳ ಹಿಂದೆ ನಾವು ಓಡುತ್ತಿದ್ದೆವು. ದೊಡ್ಡವರು ದಂಡೆಯಲ್ಲಿ ಕುಳಿತು ಎಲೆ ಅಡಿಕೆ ಹಾಕುತ್ತ, ಮೇಲೆ ಕೆರೆಯಾಗುತ್ತಿದ್ದ ನೀರನ್ನು ನೋಡುತ್ತಿದ್ದರು.

ಹಾಗೆ ತೋಡಿನುದ್ದಕ್ಕೂ ಹನ್ನೊಂದು ಕಟ್ಟ. ಒಂದರ ಹಿನ್ನೀರು ಮೇಲಿನ ಕಟ್ಟದ ಬುಡ ಮುಟ್ಟಬೇಕು, ಏರಬಾರದು. ಏರಿದರೆ ಮೇಲಿನವರ ಗದ್ದೆ ಜೌಗು, ಮುಟ್ಟದಿದ್ದರೆ ನಡುವಿನವರ ಬಾವಿ ಒಣಗುತ್ತದೆ. ಎತ್ತರದ ಜಗಳ ಪ್ರತಿವರ್ಷ ಬೇಡವೆಂದು ಯಾರೋ ಹಿರಿಯರು ದಂಡೆಯ ಬಂಡೆಯಲ್ಲಿ ಗೆರೆ ಕೊರೆದಿಟ್ಟಿದ್ದರು. ಗೆರೆಯ ಮೇಲೆ ನೀರು ನಿಂತರೆ ಕೋಡಿ ತೆಗೆಯಬೇಕು, ಅಷ್ಟೇ. ಕಟ್ಟ ಹಾಕಿದ ವಾರದೊಳಗೆ ಮನೆ ಬಾವಿಯಲ್ಲಿ ನೀರು ಒಂದು ಮೆಟ್ಟಿಲು ಏರುವುದನ್ನು ಅಜ್ಜಿ ಸಂಜೆ ಹಗ್ಗದ ಗಂಟು ನೋಡಿ ಹೇಳುತ್ತಿದ್ದಳು. ಕಟ್ಟದಿಂದ ಕಣಿ ಹಿಡಿದು ನೀರು ತಾನಾಗಿಯೇ ತೋಟಕ್ಕೆ ನಡೆದು ಹೋಗುತ್ತಿತ್ತು. ಅಡಿಕೆ ಹಾಳೆಯಲ್ಲಿ ಎರಚಿದರೆ ಬುಡ ತಂಪು. ತೋಡಿಗೆ ತಾಗಿದ ಬೈಲ ಗದ್ದೆಗಳಲ್ಲಿ ಸುಗ್ಗಿಯ ಹಿಂದೆಯೇ ಮೂರನೆಯ ಬೆಳೆ ಕೊಳಕೆಯೂ ಆಗುತ್ತಿತ್ತು. ಏಡಿ ತೂತು ಕೊರೆದು ರಾತ್ರಿ ಸೋರತೊಡಗಿದರೆ ಮಡಲಿನ ಸೂಟೆ ಹಿಡಿದು ಇಬ್ಬರು ಹೊರಡಬೇಕು. ಏಡಿ ಹಿಡಿದು ತಂದರೆ ಮರುದಿನ ಸಾರು, ಅವರ ಮನೆಯಲ್ಲಿ. ನಮ್ಮಲ್ಲಿ ತಿನ್ನುತ್ತಿರಲಿಲ್ಲ.

ಈ ‘ಅವರು’ ಯಾರು ಎಂಬುದನ್ನು ಹೇಳದೆ ಹೋದರೆ ಈ ಬರಹ ಸುಳ್ಳಾಗುತ್ತದೆ. ಕಟ್ಟ ಹಾಕಿದ ಕೈಗಳಲ್ಲಿ ಹೆಚ್ಚಿನವಕ್ಕೆ ಆ ನೀರಿನಲ್ಲಿ ಪಾಲಿರಲಿಲ್ಲ. ಒಕ್ಕಲಿನವರು ಬರುತ್ತಿದ್ದರು, ಏಕೆಂದರೆ ಬರುವುದಿಲ್ಲ ಎನ್ನುವ ಹಾಗಿರಲಿಲ್ಲ. ಮನೆತನಕ್ಕೆ ಕಟ್ಟುಬಿದ್ದ ಮೂಲದ ಆಳುಗಳು ಬರುತ್ತಿದ್ದರು, ಅವರನ್ನು ಯಾರೂ ಕೇಳುತ್ತಲೇ ಇರಲಿಲ್ಲ. ದಂಡೆಯಲ್ಲಿ ಎಲೆ ಅಡಿಕೆ ಹಾಕುತ್ತ ಕುಳಿತವರು ಒಂದು ಕಡೆ, ನೀರಿನಲ್ಲಿ ನಡುಗುತ್ತ ಗೂಟ ಹೊಡೆದವರು ಇನ್ನೊಂದು ಕಡೆ. ಗೂಟ ಎಲ್ಲಿಗೆ ಹೊಡೆಯಬೇಕು, ಯಾವ ಮಣ್ಣು ನಿಲ್ಲುತ್ತದೆ ಎಂಬ ವಿದ್ಯೆ ಇದ್ದದ್ದು ನೀರಿನಲ್ಲಿ ನಿಂತವರಿಗೆ. ಬಾಯಿ ಮುಚ್ಚಲು ಹೂಂ ಎನ್ನುತ್ತಿದ್ದವನೂ ಅಜ್ಜನಲ್ಲ. ನಮ್ಮ ಅಂಗಳದ ಹೊರಗೆ ಕುಳಿತು ಉಣ್ಣುತ್ತಿದ್ದ ಮುದುಕ. ಕಟ್ಟದ ಮೇಲೆ ಅಜ್ಜನೂ ಅವನ ಮಾತು ಮೀರುತ್ತಿರಲಿಲ್ಲ. ಸಂಜೆ ಕಟ್ಟ ಇಳಿದ ಮೇಲೆ ಎಲ್ಲ ಮೊದಲಿನ ಹಾಗೆ.

ಕಟ್ಟ ಹಾಕಿದಷ್ಟೇ ನಿಷ್ಠೆಯಿಂದ ಅದನ್ನು ಬಿಡಿಸಲೂ ಬೇಕಿತ್ತು. ಬೇಸಗೆಯ ಕೊನೆಗೆ ಪತ್ತನಾಜೆ ಬರುತ್ತದೆ, ಬೇಶ ತಿಂಗಳ ಹತ್ತನೆಯ ದಿನ, ಇಂಗ್ಲಿಷ್ ಲೆಕ್ಕದಲ್ಲಿ ಮೇ ಇಪ್ಪತ್ತನಾಲ್ಕರ ಆಸುಪಾಸು. ಅಂದಿಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲ ನೇಮಗಳು ನಿಲ್ಲುತ್ತವೆ. ನಮ್ಮಲ್ಲಿ ತೋಡಿನ ಕಟ್ಟವೂ ಅಂದಿನೊಳಗೆ ಬಿಚ್ಚಬೇಕು. ಮಣ್ಣು ಹೋದರೂ ಗೂಟ ಉಳಿದರೆ ಸಾಕು, ಮೊದಲ ಕೆಂಪು ನೀರಿನಲ್ಲಿ ತೇಲಿ ಬಂದ ಕೊಂಬೆ, ಬಿದಿರಿನ ಮೆಳೆ ಎಲ್ಲ ಅದಕ್ಕೆ ಸಿಕ್ಕಿ, ತೋಡು ದಾರಿ ತಪ್ಪಿ ತೋಟಕ್ಕೆ ನುಗ್ಗುತ್ತದೆ. ಅದಕ್ಕೇ ಗೂಟ ಕಿತ್ತು, ತೊಳೆದು, ಒಣಗಿಸಿ, ಎಣಿಸಿ ಅಟ್ಟಕ್ಕೆ. ಅದೇ ಓಟದಲ್ಲಿ ತಳದ ಹೂಳು ತೆಗೆದು ಅಡಿಕೆ ಬುಡಕ್ಕೆ ಹೊಸಮಣ್ಣು ಕೊಡುವುದು, ದಂಡೆ ಜರಿದಲ್ಲಿ ಕೇದಗೆ ಜಾತಿಯ ಮುಂಡೇವು ನೆಡುವುದು, ಗದ್ದೆಯ ಹುಣಿಗಳಲ್ಲಿ ಕಂಡಿ ತೆಗೆದಿಡುವುದು. ಆರು ತಿಂಗಳು ನೀರಿಗೆ ಅಡ್ಡ ನಿಂತವರು ಮಳೆಗಾಲಕ್ಕೆ ದಾರಿ ಬಿಟ್ಟು ಪಕ್ಕಕ್ಕೆ ಸರಿಯುತ್ತಿದ್ದರು.

ಕಂಡಿಯ ಮಾತು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಗದ್ದೆಗಳಲ್ಲಿ ಮೂರು ಜಾತಿ: ಎತ್ತರದ್ದು ಬೆಟ್ಟು, ನಡುವಿನದು ಮಜಲು, ತಗ್ಗಿನದು ಬೈಲು. ಬೈಲು ಗದ್ದೆಗೆ ನೆರೆ ಬರುತ್ತದೆಂದು ಯಾರೂ ಗೊಣಗುತ್ತಿರಲಿಲ್ಲ. ನೆರೆಗೆ ಎಂದೇ ಬಿಟ್ಟ ಜಾಗ ಅದು. ತೋಡು ಉಕ್ಕಿದಾಗ ಮೇಲಿನ ಕಂಡಿಯಿಂದ ನೀರು ಗದ್ದೆಗೆ ಹರಡಿ, ಮೈಯೆಲ್ಲ ಚಾಚಿ ಮಲಗಿ, ತಂದ ಮಣ್ಣನ್ನು ಅಲ್ಲೇ ಬಿಟ್ಟು, ಕೆಳಗಿನ ಕಂಡಿಯಿಂದ ಮೆತ್ತಗೆ ಹೊರಡುತ್ತಿತ್ತು. ಎತ್ತರಕ್ಕೆ ಬೆಳೆಯುವ ಹಳೆಯ ತಳಿಗಳು ಒಂದೆರಡು ದಿನದ ಮುಳುಗಿಗೆ ಜಗ್ಗುತ್ತಿರಲಿಲ್ಲ. ವರದಾ ನದಿಯ ಬಯಲಿನ ಸೊರಬದ ಕಡೆ ‘ನೆರೆಗುಳಿ’ ಎಂಬ ಭತ್ತವೇ ಉಂಟು, ಹೆಸರೇ ಅದರ ಗುಣ ಹೇಳುತ್ತದೆ. ಗುಡ್ಡದ ಮೇಲೆ ನಾಲ್ಕು ಗಂಟೆಯಲ್ಲಿ ಬಿದ್ದ ಮಳೆಯನ್ನು ಹೊಳೆಗೆ ಮುಟ್ಟಿಸಲು ಬೈಲು ಒಂದಿಡೀ ದಿನ ತೆಗೆದುಕೊಳ್ಳುತ್ತಿತ್ತು. ನೆರೆ ನಿಯಂತ್ರಣ ಎಂಬ ಪದ ಆಗ ಊರಿಗೆ ಬಂದಿರಲಿಲ್ಲ.

ನೆರೆಯಲ್ಲೂ ಎರಡು ಬಗೆ ಎಂದು ಅಜ್ಜನಿಂದ ತಿಳಿದೆ. ಗುಡ್ಡದ ನೀರು ಕೆಂಪು, ಸದ್ದು ಹೆಚ್ಚು, ಬಂದಷ್ಟೇ ಬೇಗ ಇಳಿಯುತ್ತದೆ, ಅದಕ್ಕೆ ಹೆದರಬೇಕಾದದ್ದಿಲ್ಲ. ಹೆದರಬೇಕಾದದ್ದು ಹೊಳೆನೀರಿಗೆ. ಅದು ಸದ್ದಿಲ್ಲದೆ ಬರುತ್ತದೆ, ಕೆಳಗಿನಿಂದ ಮೇಲಕ್ಕೆ. ಉಪ್ಪಿನಂಗಡಿಯಲ್ಲಿ ಎರಡು ನದಿಗಳೂ ತುಂಬಿ ಸಹಸ್ರಲಿಂಗೇಶ್ವರನ ದೇವಸ್ಥಾನದ ಎದುರು ಒಂದನ್ನೊಂದು ಮುಟ್ಟಿದರೆ ಸಂಗಮವಾಯಿತು ಎನ್ನುತ್ತಾರೆ, ಪೂಜೆ ಸಲ್ಲಿಸುತ್ತಾರೆ, ನೋಡಲು ಜನ ಸೇರುತ್ತಾರೆ. ಅದೇ ಹೊತ್ತಿಗೆ ಇಲ್ಲಿ ನಮ್ಮ ತೋಡು ಹಿಂದಕ್ಕೆ ಹರಿಯಲು ತೊಡಗುತ್ತದೆ. ಕಸ ಕಡ್ಡಿ ಗುಡ್ಡದ ಕಡೆಗೆ ತೇಲುತ್ತ ಹೋಗುವುದನ್ನು ಮೊದಲ ಸಲ ನೋಡಿದಾಗ ನನಗೆ ಅಳು ಬಂದಿತ್ತು. ಅಡಿಕೆ ಮರದ ಕಾಲುಸಂಕದ ಮೇಲೆ ನೀರು ಬಂದರೆ ಶಾಲೆಗೆ ರಜೆ. ಗುಡ್ಡದ ನೀರಾದರೆ ಅರ್ಧ ದಿನ, ಹೊಳೆನೀರಾದರೆ ಮೂರು ದಿನ. ಮೇಷ್ಟ್ರಿಗೂ ಈ ಲೆಕ್ಕ ಗೊತ್ತಿತ್ತು.

1923ರ ಮಹಾನೆರೆ ಮಾರಿಬೊಳ್ಳವನ್ನು ಅಜ್ಜ ಹುಡುಗನಾಗಿ ಕಂಡವರು. ನೇತ್ರಾವತಿ ಬಂಟ್ವಾಳ, ಪಾಣೆಮಂಗಳೂರುಗಳನ್ನು ತೊಳೆದ ಆ ವರ್ಷ ನೀರು ನಮ್ಮ ಮನೆಯ ಅಂಗಳದ ಮೂರನೆಯ ಮೆಟ್ಟಿಲಿಗೆ ಬಂದಿತ್ತಂತೆ. ಆ ಮೆಟ್ಟಿಲಿನ ಮೇಲೆ ಕುಳಿತು ಎಷ್ಟೋ ಸಲ ಕತೆ ಕೇಳಿದ್ದೆ, ನಂಬಿರಲಿಲ್ಲ. 1974ರ ಜುಲೈಯಲ್ಲಿ ನಂಬಿದೆ. ನನಗಾಗ ಒಂಬತ್ತು ವರ್ಷ. ರಾತ್ರಿಯಿಡೀ ಮಳೆ, ಬೆಳಗ್ಗೆ ಎದ್ದರೆ ಬೈಲು ಇಲ್ಲ, ತೋಡು ಇಲ್ಲ, ಆಚೆಕರೆಯವರೆಗೆ ಒಂದೇ ಕಂದು ನೀರು, ನಡುವೆ ಅಡಿಕೆ ಮರಗಳ ತಲೆ. ಎರಡನೆಯ ಮೆಟ್ಟಿಲಿನಲ್ಲಿ ನಿಂತಿತು. ಅಜ್ಜ ಕಂಬಕ್ಕೆ ಒರಗಿ ಕುಳಿತವರು “ಮೂರಕ್ಕೆ ಬರಲಿಕ್ಕಿಲ್ಲ” ಎಂದಷ್ಟೇ ಹೇಳಿ ಕವಳ ಮೆಲ್ಲುತ್ತಿದ್ದರು. ಬರಲಿಲ್ಲ.

ಅದೇ 1974ರ ಮಾರ್ಚ್ ಒಂದರಿಂದ ಭೂಸುಧಾರಣೆಯ ತಿದ್ದುಪಡಿ ಕಾನೂನು ಜಾರಿಗೆ ಬಂದಿತ್ತು. ಗೇಣಿಗೆ ಕೊಟ್ಟಿದ್ದ ನಮ್ಮ ನಾಲ್ಕು ಗದ್ದೆ ಒಕ್ಕಲಿನವರಿಗೆ ಹೋಯಿತು. ಹೋಗಬೇಕಾದದ್ದೇ. ಆದರೆ ಆ ನವೆಂಬರಿನಲ್ಲಿ ಕಟ್ಟಕ್ಕೆ ಹೇಳಿಕಳಿಸಿದರೆ ಯಾರೂ ಬರಲಿಲ್ಲ. ಎರಡು ವರ್ಷ ತೋಡಿನಲ್ಲಿ ಕಟ್ಟವೇ ಇಲ್ಲ, ಕೊಳಕೆ ಇಲ್ಲ, ಏಪ್ರಿಲ್‌ನಲ್ಲಿ ಬಾವಿಯ ತಳದ ಕಲ್ಲು ಕಂಡಿತು. ಮೂರನೆಯ ವರ್ಷ ಹೊಸದಾಗಿ ಜಾಗವಾದವರೇ ಮುಂದೆ ಬಂದರು: ಮನೆಗೊಂದು ಆಳು, ನೀರು ಮುಟ್ಟುವ ಗದ್ದೆಯ ಲೆಕ್ಕದಲ್ಲಿ ದಿನ. ಮೊದಲ ಬಾರಿಗೆ ಅಪ್ಪ ಪಂಚೆ ಎತ್ತಿ ಕಟ್ಟಿ ನೀರಿಗಿಳಿದರು. ಮೆಟ್ಟಲು ಬಾರದೆ ಬಿದ್ದರು, ಎಲ್ಲರೂ ನಕ್ಕರು, ಅಪ್ಪನೂ ನಕ್ಕರು. ನನ್ನ ಮಟ್ಟಿಗೆ ಕಟ್ಟದ ಒಳ್ಳೆಯ ಕಾಲ ಅದು, ಆ ಹತ್ತು ಹನ್ನೆರಡು ವರ್ಷ. ಜನ ‘ಹಿಂದಿನ ಕಾಲ’ ಎಂದು ನಿಟ್ಟುಸಿರು ಬಿಡುವಾಗ ಅಜ್ಜನ ಕಾಲವನ್ನು ನೆನೆಯುತ್ತಾರೆ. ನಾನು ನೆನೆಯುವುದು ಇದನ್ನು.

ಮುಗಿದದ್ದು ಜಗಳದಿಂದಲ್ಲ, ಸೌಕರ್ಯದಿಂದ. ಕರೆಂಟು ಬಂತು, ಪಂಪು ಬಂತು. ತೋಡಿನ ಬದಿಯಲ್ಲಿ ಒಂದು ಗುಂಡಿ ತೆಗೆದರೆ ಯಾರ ಹಂಗೂ ಇಲ್ಲದೆ ತೋಟಕ್ಕೆ ಸ್ಪ್ರಿಂಕ್ಲರ್ ತಿರುಗುತ್ತದೆ. ಆಮೇಲೆ ಬೋರ್‌ವೆಲ್. ಹನ್ನೊಂದು ಕಟ್ಟ ಏಳಾಯಿತು, ನಾಲ್ಕಾಯಿತು. ಮಣ್ಣಿನ ಬದಲು ಗೊಬ್ಬರದ ಖಾಲಿ ಚೀಲಕ್ಕೆ ಮರಳು ತುಂಬಿ ಅಡ್ಡ ಇಟ್ಟು, ಪ್ಲಾಸ್ಟಿಕ್ ಹಾಳೆ ಹೊದೆಸಿದ ಕಟ್ಟ ಕೆಲವು ವರ್ಷ ನಡೆಯಿತು. ಮಳೆಗಾಲಕ್ಕೆ ಅದನ್ನು ಬಿಡಿಸುವವರಿಲ್ಲದೆ ಹರಿದ ಚೀಲಗಳು ಮುಂಡೇವಿನ ಮುಳ್ಳಿಗೆ ಸಿಕ್ಕಿ ವರ್ಷವಿಡೀ ನೇತಾಡುತ್ತಿದ್ದವು. ಭತ್ತದಲ್ಲಿ ಲೆಕ್ಕ ಹುಟ್ಟುವುದಿಲ್ಲವೆಂದು ಬೈಲು ಗದ್ದೆಗೆ ಗುಡ್ಡದ ಮಣ್ಣು ತುಂಬಿ ಅಡಿಕೆ ನೆಟ್ಟರು. ನಾವೂ ನೆಟ್ಟೆವು. ಮಣ್ಣು ತೆಗೆದ ಗುಡ್ಡದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ರಬ್ಬರ್ ಬಂತು. ಒರತೆಗಳಲ್ಲಿ ಎರಡು ಈಗ ಕ್ರಿಸ್ಮಸ್‌ವರೆಗೂ ಬಾಳುವುದಿಲ್ಲ.

ನಡುವೆ ಸರಕಾರದ ಕಿಂಡಿ ಅಣೆಕಟ್ಟೂ ಒಂದು ಬಂತು. ಕಾಂಕ್ರೀಟಿನ ಕಂಬಗಳು, ನಡುವೆ ಹಲಗೆ ಇಳಿಸಲು ಸಂದು. ಮಳೆ ಬಿಟ್ಟ ಮೇಲೆ ಹಲಗೆ ಹಾಕುವುದು, ಮಳೆಗೆ ಮೊದಲು ತೆಗೆಯುವುದು. ಯೋಚನೆ ನಮ್ಮ ಕಟ್ಟದ್ದೇ, ತಪ್ಪಿಲ್ಲ. ಆದರೆ ಹಲಗೆಯ ಕೀಲಿಕೈ ಯಾರದೋ ಕೈಯಲ್ಲಿ. ಡಿಸೆಂಬರ್ ಕಳೆದು ನೀರು ಸೊರಗಿದ ಮೇಲೆ ಹಲಗೆ ಬೀಳುತ್ತಿತ್ತು, ಜೂನ್ ಬಂದು ತೋಡು ಉಕ್ಕಿದ ಮೇಲೆ ತೆಗೆಯಲು ಓಡಾಟ. ಕಂಬಗಳಂತೂ ಎಲ್ಲಿಗೂ ಹೋಗುವುದಿಲ್ಲ. ನೆರೆಯಲ್ಲಿ ಬಂದ ಮರ ಬುಡಸಮೇತ ಅಲ್ಲಿ ಅಡ್ಡ ಬೀಳುತ್ತದೆ. ಗಡಿಯಾಚೆ ಕಾಸರಗೋಡು ಜಿಲ್ಲೆಯ ಏತಡ್ಕದಲ್ಲಿ ಕೃಷಿಕರು ಸಾಲುಸಾಲು ಕಟ್ಟಗಳನ್ನು ಬಿಡದೆ ಉಳಿಸಿಕೊಂಡು ಬಂದದ್ದನ್ನು ಓದಿದಾಗ ನನಗೆ ಸಂತೋಷಕ್ಕಿಂತ ಹೊಟ್ಟೆಕಿಚ್ಚೇ ಹೆಚ್ಚಾಗಿತ್ತು.

ಬೈಲು ತುಂಬಿಸಿದ ಮೇಲೆ ನೆರೆ ಎಂಬುದು ನಷ್ಟವಾಯಿತು. ಗದ್ದೆ ಮುಳುಗಿದರೆ ಸುದ್ದಿಯಲ್ಲ. ತೋಟ ಮುಳುಗಿದರೆ ಮನವಿ. ತೋಡಿಗೆ ತಡೆಗೋಡೆ ಬೇಕು ಎಂಬ ಮನವಿಗೆ ಊರವರೆಲ್ಲ ಸಹಿ ಹಾಕಿದೆವು, ನಾನೂ ಹಾಕಿದೆ. ಆಮೇಲೆ ಬಂದ ಯಂತ್ರ ಎರಡು ತಿಂಗಳಲ್ಲಿ ಮುಂಡೇವು, ವಾಟೆ ಎಲ್ಲ ಕಿತ್ತು, ಏಳು ತಿರುವಿನಲ್ಲಿ ಐದನ್ನು ನೇರ ಮಾಡಿತು. ಎರಡು ಬದಿಗೂ ಗೋಡೆ ಎದ್ದಿತು. ನೇರ ಮಾಡಿದರೆ ನೀರು ಬೇಗ ಹೋಗುತ್ತದೆ ಎಂದರು. ನಿಜ, ಬೇಗ ಹೋಗುತ್ತದೆ. ಮಳೆ ನಿಂತ ಎರಡು ಗಂಟೆಗೆ ತೋಡು ಖಾಲಿ, ಕೆಳಗಿನ ಊರಿನವರ ಅಂಗಳ ಭರ್ತಿ. ವೇಗಕ್ಕೆ ತಳ ಕೊರೆದು ಕೊರೆದು ಗೋಡೆಯ ಬುಡ ಈಗ ಒಂದೆರಡು ಕಡೆ ಗಾಳಿಯಲ್ಲಿದೆ. ಮಳೆಗಾಲದ ಮೊದಲ ನೀರಿಗೆ ಗದ್ದೆಗೆ ಹತ್ತಿ ಬರುತ್ತಿದ್ದ ಮೀನುಗಳಿಗೆ ಹತ್ತಲು ಕರೆಯೇ ಇಲ್ಲ.

2019ರ ಆಗಸ್ಟಿನಲ್ಲಿ ಚಾರ್ಮಾಡಿಯ ಕಡೆ ಗುಡ್ಡಗಳು ಜರಿದು, ಬೆಳ್ತಂಗಡಿಯ ತೋಟ ಗದ್ದೆಗಳ ಮೇಲೆ ಮರಳು ಮತ್ತು ಮರದ ದಿಮ್ಮಿಗಳ ರಾಶಿ ಬಿದ್ದ ದಿನಗಳಲ್ಲಿ ನಮ್ಮಲ್ಲಿಗೂ ಹೊಳೆನೀರು ಬಂತು. ಸದ್ದಿಲ್ಲದೆ, ಕೆಳಗಿನಿಂದ ಮೇಲಕ್ಕೆ, ನೇರ ಮಾಡಿಕೊಟ್ಟ ದಾರಿಯಲ್ಲಿ ಎಂದಿಗಿಂತ ಬೇಗನೆ. ಗೋಡೆ ದಾಟಿ ತೋಟಕ್ಕಿಳಿಯಿತು. ಮೂರನೆಯ ದಿನ ಹೊಳೆ ಇಳಿಯಿತು, ತೋಡೂ ಇಳಿಯಿತು. ತೋಟದ ನೀರು ಮಾತ್ರ ಹಾಗೇ ನಿಂತಿತ್ತು. ಹಿಂದೆ ಹೋಗಲು ದಾರಿ ಎಲ್ಲಿದೆ, ನಡುವೆ ಗೋಡೆ ಇದೆಯಲ್ಲ! ಐದನೆಯ ದಿನ ನೀರು ನಾರತೊಡಗಿದಾಗ ನಾವು ನಾಲ್ಕು ಮಂದಿ ಪಿಕ್ಕಾಸು ಹಿಡಿದು ಹೋದೆವು. ಎಲ್ಲಿ ಒಡೆಯುವುದು ಎಂದು ನಿಂತಿದ್ದಾಗ ಆಚೆಕರೆಯವನು, ನಮ್ಮ ಹಳೆಯ ಒಕ್ಕಲಿನವರ ಮೊಮ್ಮಗ, “ಇಲ್ಲಿ ಅಣ್ಣಾ” ಎಂದು ಒಂದು ಕಡೆ ಕೈ ತೋರಿಸಿದ. ಕೆಳಗಿನ ಗದ್ದೆಯ ಕಂಡಿ ಇದ್ದ ಜಾಗ. ಅವನ ಅಜ್ಜ ಹೇಳಿಕೊಟ್ಟದ್ದಂತೆ. ಸರಕಾರಿ ಗೋಡೆಯನ್ನು ಒಂದು ಗಂಟೆ ಗುದ್ದಿ ತೂತು ಮಾಡಿದೆವು. ನೀರು ಒಮ್ಮೆ ಗುಳುಗುಳು ಎಂದು, ಮತ್ತೆ ಸುಮ್ಮನೆ ಹೊರಡತೊಡಗಿತು. ಆ ವರ್ಷ ಎರಡು ಸಲ ಮೈಲುತುತ್ತು ಹೊಡೆದರೂ ಅಡಿಕೆಯಲ್ಲಿ ಕೊಳೆ ನಿಲ್ಲಲಿಲ್ಲ.

ತೂತನ್ನು ಆಮೇಲೆ ಯಾರೋ ಬಂದು ಸಿಮೆಂಟು ಹಾಕಿ ಮುಚ್ಚಿ ಹೋದರು. ಬಿಲ್ಲೂ ಆಗಿರಬೇಕು.

ಗೆರೆ ಕೊರೆದ ಬಂಡೆಯನ್ನು ನಾನು ಎರಡು ಬೇಸಗೆ ಹುಡುಕಿದೆ. ಅದು ಗೋಡೆಯ ಅಡಿಪಾಯದೊಳಗೆ ಹೋಗಿರಬೇಕು, ಅಥವಾ ಒಡೆದು ಜಲ್ಲಿಯಾಗಿರಬೇಕು. ಗೂಟಗಳು ಮಾತ್ರ ಇವೆ. ಅಟ್ಟ ಬಿಚ್ಚಿ ಮನೆಗೆ ಕಾಂಕ್ರೀಟಿನ ಮಾಡು ಹಾಕಿದ ವರ್ಷ ಅವನ್ನು ಒಲೆಗೆ ಹಾಕುವ ಮಾತು ಬಂದಿತ್ತು. ಎಷ್ಟು ಕಡಿದರೂ ಕೊಡಲಿಗೆ ಬಗ್ಗಲಿಲ್ಲ. ಕೊನೆಗೆ ಅಮ್ಮ ಬಾವಿಕಟ್ಟೆಯ ಹತ್ತಿರ ಬಸಳೆ ಚಪ್ಪರಕ್ಕೆಂದು ಹನ್ನೆರಡನ್ನು ನೆಡಿಸಿದಳು. ಅದಾಗಿ ಇಪ್ಪತ್ತು ವರ್ಷ. ಮೇಲಿನ ಬಿದಿರನ್ನು ನಾಲ್ಕು ಸಲ ಬದಲಿಸಿದ್ದಾಯಿತು, ಗೂಟ ಅಲುಗಿಲ್ಲ. ಮೊನ್ನೆ ನವೆಂಬರಿನಲ್ಲಿ ಊರಿಗೆ ಹೋದಾಗ ಅಮ್ಮ ಬಸಳೆ ಕೊಯ್ಯುತ್ತಿದ್ದಳು. ಚಪ್ಪರ ಸ್ವಲ್ಪ ವಾಲಿದೆ, ಒಂದು ಗೂಟ ಇನ್ನಷ್ಟು ಒಳಗೆ ಹೊಡೆಯಬೇಕು ಎಂದಳು. ನಾನು ಹಾರೆ ತೆಗೆದುಕೊಂಡು ಎರಡು ಪೆಟ್ಟು ಹಾಕಿದೆ. “ಅಡ್ಡಾದಿಡ್ಡಿ ಹೊಡೆಯಬೇಡ, ಮೊದಲು ಬುಡದ ಮಣ್ಣು ಮೆಟ್ಟು” ಎಂದಳು. ಚಪ್ಪಲಿ ಬಿಚ್ಚಿಟ್ಟು ಮೆಟ್ಟಿದೆ.